ಚಿನ್ಮಯೀ ಅಕ್ಕೋರ ಫೋನು

ಧಾರವಾಡದ ಮಂದಿಗೆ ಒಂದು ಚಟ ಇದೆ. "ಆರಾಮ?" ಅಂತ ಯಾರಾದರೂ ಕೇಳಿದರೆ ಸಾಕು, "ಆರಾಮ್ರಿ" ಅಂದುಬಿಡುತ್ತಾರೆ. ಕಾಲು ಮುರಿದು ಹಾಸಿಗೆ ಹಿಡಿದವನೂ ಅನ್ನುತ್ತಾನೆ, ಮಗಳ ಲಗ್ನ ಮುರಿದು ತಲೆಯ ಮೇಲೆ ಕೈ ಹೊತ್ತು ಕೂತವಳೂ ಅನ್ನುತ್ತಾಳೆ. ಕೇಳಿದವರಿಗೆ ಸುಮ್ಮನೆ ತ್ರಾಸು ಯಾಕೆ ಎಂಬ ಮರ್ಯಾದೆ ಅದು. ಆಮೇಲೆ ಚಹಾ ಬರುತ್ತದೆ, ಅರ್ಧ ಕಪ್ಪು ಖಾಲಿಯಾಗುತ್ತದೆ, ಆಗ ಮೆಲ್ಲಗೆ ಖರೇ ಸುದ್ದಿ ಹೊರಬೀಳುತ್ತದೆ. ಎದುರುಬದುರು ಕೂತಾಗ ಇದೆಲ್ಲ ಛಲೋ. ಫೋನಿನಲ್ಲಿ ಚಹಾ ಎಲ್ಲಿಂದ ತರೋಣ?

ಕೊರೊನಾದ ಎರಡನೇ ಅಲೆ ಬಂದ ಬೇಸಿಗೆಯಲ್ಲಿ ಈ ಮರ್ಯಾದೆಯೇ ಚಿನ್ಮಯೀ ಅಕ್ಕೋರ ಜೀವ ಹಿಂಡಿತು.

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆಯ ಶಿಕ್ಷಕಿ. ಕೆಲಗೇರಿಯಲ್ಲಿ ಅವರ ಮನೆ, ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ನೌಕರಿ. ತಂದೆ ಮಾಸ್ತರರು, ಅಜ್ಜ ಮಾಸ್ತರರು, ಸೋದರತ್ತೆ ಸಂಗೀತ ಕಲಿಸುತ್ತಿದ್ದವರು. ಹೀಗಾಗಿ ಆ ಮನೆತನದಲ್ಲಿ ಮೆಲ್ಲಗೆ ಮಾತಾಡಿ ಯಾರಿಗೂ ರೂಢಿಯಿಲ್ಲ. ಗಂಡ ಪಂಢರಿನಾಥ ಸಹಕಾರಿ ಸಂಘವೊಂದರಲ್ಲಿ ಕಾರಕೂನ, ಮಿತಭಾಷಿ. ಹೆಂಡತಿಯ ಮಾತು ಮುಗಿಯುವುದನ್ನು ಕಾಯುತ್ತ ಕಾಯುತ್ತ ಮಿತಭಾಷಿ ಆದವರು ಎಂದು ಓಣಿಯವರು ನಗುತ್ತಾರೆ. ಅತ್ತೆ ಗೋದಾಬಾಯಿಗೆ ಕಣ್ಣು ಮಂಜಾದರೂ ಕಿವಿ ಚುರುಕು. ಸೊಸೆ ಹೊರಗಿಂದ ತರುವ ಸುದ್ದಿಯೇ ಅವರಿಗೆ ಪೇಪರು.

ಆ ಬೇಸಿಗೆ ಶಾಲೆಗೆ ಬೀಗ ಬಿದ್ದಿತ್ತು. ಶಿಕ್ಷಕರು ಮನೆಯಲ್ಲಿ ಸುಮ್ಮನೆ ಕೂತುಬಿಟ್ಟಾರು ಎಂಬ ಚಿಂತೆ ಸರಕಾರಕ್ಕೆ ಎಲ್ಲ ಕಾಲಕ್ಕೂ ಇರುವಂಥದ್ದು. ಜನಗಣತಿ ಬಂದರೆ ಅವರೇ, ಚುನಾವಣೆ ಬಂದರೆ ಅವರೇ, ರೋಗ ಬಂದಾಗ ಇನ್ಯಾರು? ಮನೆಯಲ್ಲೇ ಪ್ರತ್ಯೇಕವಾಗಿರುವ ಸೋಂಕಿತರಿಗೆ ದಿನಾ ಫೋನು ಮಾಡಿ ವಿಚಾರಿಸತಕ್ಕದ್ದು ಎಂದು ಆದೇಶ ಬಂತು. ಧಾರವಾಡದ ಒಂದು ಕಚೇರಿಯ ಮಹಡಿಯ ಮೇಲೆ, ಉದ್ದನೆಯ ಹಾಲಿನಲ್ಲಿ, ದೂರ ದೂರ ಟೇಬಲ್ ಹಾಕಿ ಒಂದೊಂದರ ಮೇಲೂ ಒಂದು ಫೋನು ಇಟ್ಟಿದ್ದರು. ಮುಂಜಾನೆ ಹೆಸರುಗಳ ಹಾಳೆ ಹಂಚುತ್ತಿದ್ದರು. ಪ್ರಸಾದ ಎಂಬ ಹರೆಯದ ಅಧಿಕಾರಿ ಹಾಲಿನ ಉಸ್ತುವಾರಿ. ನಿದ್ದೆಯಿಲ್ಲದೆ ಅವರ ಕಣ್ಣು ಕೆಂಪಾಗಿರುತ್ತಿದ್ದವು, ಒಂದು ಫೋನು ಕಿವಿಯಲ್ಲಿ, ಇನ್ನೊಂದು ಕೈಯಲ್ಲಿ.

ಏನು ಕೇಳಬೇಕು ಎಂಬುದನ್ನು ಅಚ್ಚು ಹಾಕಿಸಿ ಕೊಟ್ಟಿದ್ದರು. "ತಮಗೆ ಉಸಿರಾಟದಲ್ಲಿ ತೊಂದರೆ ಕಂಡುಬಂದಿದೆಯೇ?" ಮೊದಲ ದಿನ ಅಕ್ಕೋರು ಅದನ್ನು ಇದ್ದದ್ದು ಇದ್ದಂತೆಯೇ, ಶಾಲೆಯ ದನಿಯಲ್ಲಿ ಓದಿದರು. ಆ ಕಡೆಯಿದ್ದ ಮುದುಕಿ, "ನಾವೇನೂ ತಪ್ಪ ಮಾಡಿಲ್ರೀ ಸಾಹೇಬ್ರ" ಎಂದು ಅಳುವುದಕ್ಕೇ ಶುರುಮಾಡಿದಳು. ಮರುದಿನದಿಂದ ಅಕ್ಕೋರು ಹಾಳೆ ಬದಿಗಿಟ್ಟು, "ಪಾವಟಿಗಿ ಏರಿದ್ರ ದಮ್ಮ ಹತ್ತತದೇನ್ರಿ?" ಎಂದು ಕೇಳತೊಡಗಿದರು. ಮಂದಿ ಬಾಯಿಬಿಟ್ಟರು. ಆದರೆ ಮೊದಲ ಮಾತು ಮಾತ್ರ ಎಲ್ಲರದೂ ಅದೇ, "ಆರಾಮ್ರಿ."

ಹುಬ್ಬಳ್ಳಿಯ ಅರ್ಜುನಪ್ಪನವರೂ ಅದನ್ನೇ ಅಂದಿದ್ದರು. ರೈಲ್ವೆ ವರ್ಕಶಾಪಿನಲ್ಲಿ ದುಡಿದು ನಿವೃತ್ತರಾದವರು, ದನಿ ಭಾರಿ. "ಆರಾಮ್ರಿ, ನಿಮ್ದು ಊಟ ಆತೇನ್ರಿ?" ಎಂದು ತಿರುಗಿ ಕೇಳಿದ್ದರು. ಅಕ್ಕೋರು ನಕ್ಕು, ಅವರ ಹೆಸರಿನ ಮುಂದೆ 'ಸ್ಥಿರ' ಎಂದು ಬರೆದು ಮುಂದಿನ ಹೆಸರಿಗೆ ಹೋದರು. ಮರುದಿನ ಅದೇ ನಂಬರಿಗೆ ಹಚ್ಚಿದಾಗ ಎತ್ತಿದ್ದು ಬೇರೆ ದನಿ. ಸೊಸೆಯದು. "ಯಾರ್ ಬೇಕಾಗಿತ್ರಿ?" ಅಂತ ಕೇಳಿ, ಹೆಸರು ಹೇಳಿದ ಮೇಲೆ, "ನಿನ್ನಿ ಸಂಜಿಗೆ ಹೋದ್ರರಿ ಅವರು" ಅಂದಳು. ಅಕ್ಕೋರ ಕೈಯಲ್ಲಿದ್ದ ಪೆನ್ನು ಹಾಳೆಯ ಮೇಲೆಯೇ ನಿಂತಿತು. ಏನು ಬರೆಯಬೇಕು? ಅಂಥದ್ದಕ್ಕೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಅವತ್ತಿನಿಂದ ಅಕ್ಕೋರಿಗೆ ಫೋನು ಹಚ್ಚುವುದೆಂದರೆ ಅಂಜಿಕೆ. ಮಾತಾಡುವುದಕ್ಕೆ ಅಂಜಿಕೆಯಿಲ್ಲ. ಅಂಜಿಕೆಯೆಲ್ಲ ಆ ಗಂಟೆ ಹೊಡೆಯುವಷ್ಟು ಹೊತ್ತಿನದು. ನಿನ್ನೆಯ ದನಿಯೇ ಎತ್ತುತ್ತದೋ, ಬೇರೆ ಯಾರಾದರೂ ಎತ್ತುತ್ತಾರೋ? ನಿನ್ನೆಯ ದನಿಯೇ ಬಂದರೆ ಕಣ್ಣು ಮುಚ್ಚಿ ದೇವರನ್ನು ನೆನೆದು ಮುಂದಕ್ಕೆ ಹೋಗುತ್ತಿದ್ದರು. ಇನ್ನೊಬ್ಬ ಅರ್ಜುನಪ್ಪ ತಮ್ಮ ಹಾಳೆಯಲ್ಲಿ ಆಗಬಾರದು, ತಾವು 'ಸ್ಥಿರ' ಎಂದು ಬರೆದ ಮನುಷ್ಯ ಮರುದಿನ ಇಲ್ಲವಾಗಬಾರದು, ಇಷ್ಟೇ ಅವರ ಹಾರೈಕೆ. "ಆರಾಮ್ರಿ" ಅಂದವರನ್ನು ಬಿಡುತ್ತಿರಲಿಲ್ಲ. ಅದು ಇದು ಕೇಳಿ ಮಾತಿಗೆಳೆದು, ಉಸಿರು ನಡುವೆ ತುಂಡಾಗುತ್ತದೋ ಹೇಗೆ ಎಂದು ಕಿವಿಗೊಟ್ಟು ಕೇಳುತ್ತಿದ್ದರು.

ಆ ಹೊತ್ತಿಗೆ ಅವರ ಹಾಳೆಗೆ ಬಂದವನು ರಾಯಾಪುರದ ಶಾಬುದ್ದೀನ. ರಸ್ತೆಯ ಬದಿಗೆ ಅವನ ಟೂ-ವ್ಹೀಲರ್ ಗ್ಯಾರೇಜು, ಅದರ ಹಿಂದೆಯೇ ಮನೆ. ಈದ್ ಹಬ್ಬ ಮುಗಿಸಿ ಹೆಂಡತಿ ಹುಸ್ನಾ ಮಗಳು ಮುಸ್ಕಾನಳನ್ನು ಕರಕೊಂಡು ಕಲಘಟಗಿಯ ತವರಿಗೆ ಹೋದವಳು ಲಾಕ್‌ಡೌನು ಬಿಗಿಯಾದದ್ದರಿಂದ ಅಲ್ಲೇ ಉಳಿದಿದ್ದಳು. ಇಲ್ಲಿ ಇವನಿಗೆ ಜ್ವರ ಬಂದು ಪಾಸಿಟಿವ್ ಆಗಿತ್ತು. ಮನೆಯಲ್ಲಿ ಈಗ ಇವನು, ಇವನ ತಾಯಿ ರೆಹಮತ್‌ಬಿ, ಇಬ್ಬರೇ. ಇವನು ಒಂದು ಖೋಲಿಯಲ್ಲಿ, ತಾಯಿ ಅಡಿಗೆಮನೆಯಲ್ಲಿ. ಆಶಾ ಕಾರ್ಯಕರ್ತೆ ಬಂದು ಗುಳಿಗೆಯ ಪೊಟ್ಟಣ, ಸರಕಾರದ ಪುಸ್ತಿಕೆ, ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಪುಟ್ಟ ಮಷೀನು ಕೊಟ್ಟು ಹೋಗಿದ್ದಳು.

ಶಾಬುದ್ದೀನನಿಗೆ ಮಾತೆಂದರೆ ಪ್ರಾಣ. "ಇಂಜಿನ್ ಛಲೋ ಐತ್ರಿ ಅಕ್ಕೋರ, ಸೈಲೆನ್ಸರ್ ಒಂದ ಸ್ವಲ್ಪ ಖರ್ ಖರ್ ಅಂತೈತಿ" ಎಂದು ತನ್ನ ಕೆಮ್ಮಿನ ವರದಿ ಕೊಡುತ್ತಿದ್ದ. ಮಷೀನಿನ ನಂಬರು ಕೇಳಿದರೆ "ತೊಂಬತ್ತೇಳ ಕಿಲೋಮೀಟರ್ ಸ್ಪೀಡ್ರಿ" ಅನ್ನುತ್ತಿದ್ದ. ಉಸಿರು ಎಲ್ಲೂ ತುಂಡಾಗುತ್ತಿರಲಿಲ್ಲ. ಹಾಳೆಯಲ್ಲಿ ಕಷ್ಟದ ಹೆಸರೊಂದು ಮುಗಿದ ಮೇಲೆ ಅಕ್ಕೋರು ಬೇಕೆಂದೇ ಇವನಿಗೆ ಹಚ್ಚುತ್ತಿದ್ದರು, ಬಾಯಿ ಕಹಿಯಾದಾಗ ಬೆಲ್ಲ ಹಾಕಿಕೊಳ್ಳುವ ಹಾಗೆ. ಕೊನೆಗೆ ರೂಢಿಯಂತೆ, "ಮನ್ಯಾಗ ಎಲ್ಲಾರೂ ಆರಾಮ?" "ಎಲ್ಲಾರೂ ಆರಾಮ್ರಿ." ಇದು ಪ್ರಶ್ನೆಯೂ ಅಲ್ಲ, ಅದು ಉತ್ತರವೂ ಅಲ್ಲ. ಫೋನು ಇಡುವ ಮುಂಚಿನ ನಮಸ್ಕಾರ, ಅಷ್ಟೇ. ಶಾಬುದ್ದೀನನ ಉಸಿರನ್ನು ಅಷ್ಟು ಕಿವಿಗೊಟ್ಟು ಕೇಳಿದ ಅಕ್ಕೋರಿಗೆ ಇದು ಹೊಳೆಯಲಿಲ್ಲ.

ಒಂದು ದಿನ ನಂಬರು ಹೇಳಿ ಮುಗಿಸಿದ ಮೇಲೆ ಶಾಬುದ್ದೀನ ಸಹಜವಾಗಿ ಕೇಳಿದ: "ಅಕ್ಕೋರ, ಮೆಹಂದಿ ಹಚ್ಚಿದ ಕೈಯಾಗ ಈ ಮಷೀನ ತಪ್ಪ ತೋರಸ್ತೈತೇನ್ರಿ?"

ಅಕ್ಕೋರಿಗೆ ಪುಸ್ತಿಕೆ ಬಾಯಿಪಾಠ ಆಗಿತ್ತು. ಪಾಠ ಕೇಳಿದ ಹುಡುಗನಿಗೆ ಹೇಳುವ ಹುರುಪಿನಲ್ಲೇ ಹೇಳಿದರು: "ಹೌದ್ರಿ, ತೋರಸಬಹುದು. ಉಗುರಿಗೆ ಬಣ್ಣ, ಮೆಹಂದಿ ಇದ್ರ ನಂಬರ ಕಡಿಮಿ ಬರ್ತದ ಅಂತ ಬರದಾರ."

"ಹಂಗನ್ರಿ! ಮಷೀನ ಕೆಟ್ಟೈತಿ ಅಂತ ನಾ ಬಿಚ್ಚಿ ಸೆಲ್ ಬದಲ ಮಾಡಿದ್ನಿ. ಮತ್ತೂ ಹಂಗ ತೋರಿಸ್ತು."

"ಅಯ್ಯ, ಸರಕಾರಿ ಮಷೀನ ಬಿಚ್ಚಿದ್ರೇನ್ರಿ?"

"ಹೊಳ್ಳಿ ಜೋಡಿಸೇನ್ರಿ, ಅಂಜಬ್ಯಾಡ್ರಿ."

ಇಬ್ಬರೂ ನಕ್ಕರು. ಅಕ್ಕೋರು 'ಸ್ಥಿರ' ಎಂದು ಬರೆದು ಮುಂದಿನ ಹೆಸರಿಗೆ ಹೋದರು.

ಸಂಜೆ ಮನೆಗೆ ಬಂದು ಹೊರಗೇ ಸ್ನಾನ ಮುಗಿಸಿ, ಅತ್ತೆಯಿಂದ ದೂರ ಪಡಸಾಲೆಯ ಬಾಗಿಲಿಗೆ ಕೂತರು. ಗೋದಾಬಾಯಿ ಮೆಂತ್ಯಪಲ್ಲೆ ಬಿಡಿಸುತ್ತಿದ್ದರು. ದಿನದ ಸುದ್ದಿಯಲ್ಲಿ ಹೇಳುವಂಥದ್ದನ್ನು ಆರಿಸಿ ಅತ್ತೆಗೆ ಹೇಳುವುದು ಅಕ್ಕೋರ ಪದ್ಧತಿ. ಸತ್ತವರ ಸುದ್ದಿ ನುಂಗಿಕೊಂಡು, ಬದುಕಿದವರ ತಮಾಷೆ ಹೇಳುತ್ತಿದ್ದರು. ಮೆಕ್ಯಾನಿಕ್ ಒಬ್ಬ ಮಷೀನನ್ನೇ ಬಿಚ್ಚಿ ರಿಪೇರಿ ಮಾಡಿದ ಕಥೆಯನ್ನು ಅವತ್ತು ರಂಗಾಗಿಯೇ ಹೇಳಿದರು.

ಗೋದಾಬಾಯಿ ನಕ್ಕರು. ನಕ್ಕು ಮುಗಿಸಿ, "ಅಲ್ಲ, ಗಂಡಸರು ಯಾವಾಗಿಂದ ಮೆಹಂದಿ ಹಚ್ಕೊಳ್ಳಿಕ್ಕತ್ಯಾರ?" ಅಂದರು.

ಅಕ್ಕೋರ ಬಾಯಲ್ಲಿದ್ದ ನಗು ಅಲ್ಲೇ ಆರಿತು. ಹುಸ್ನಾ ತವರಲ್ಲಿ. ಮಗಳು ಅವಳ ಜೊತೆಗೆ. ಮನೆಯಲ್ಲಿ ಇನ್ನೊಂದೇ ಕೈ ಇರುವುದು.

ಆಫೀಸಿನ ಲೈನು ಕೆಟ್ಟ ದಿನ ತಮ್ಮ ಮೊಬೈಲಿನಿಂದ ಅವನಿಗೆ ಮಾತಾಡಿದ್ದರಿಂದ ನಂಬರು ಅದರಲ್ಲಿ ಉಳಿದಿತ್ತು. ಹಚ್ಚಿದರು. ಗಂಟೆ ಹೊಡೆಯಿತು, ಹೊಡೆಯಿತು, ಹೊಡೆಯುತ್ತಲೇ ಇತ್ತು. ಎತ್ತು, ಶಾಬುದ್ದೀನ, ಎತ್ತು.

"ಏನ್ರಿ ಅಕ್ಕೋರ, ಈ ಹೊತ್ತಿನ್ಯಾಗ?"

"ಮೆಹಂದಿ ಯಾರ ಕೈಯಾಗ ಅದರಿ?"

"ಅವ್ವನ ಕೈಯಾಗ್ರಿ. ಈದಿಗೆ ಮೊಮ್ಮಗಳ ಹಚ್ಚಿದ್ದು, ಉಗುರಿನ್ಯಾಂದು ಇನ್ನೂ ಹೋಗಿಲ್ಲ."

"ಎಷ್ಟ ತೋರಿಸ್ತು?"

"ಎಂಬತ್ತೇಳ ಎಂಬತ್ತೆಂಟು ತೋರಸ್ತೈತ್ರಿ. ಅದು ಮೆಹಂದಿದಂತ ನೀವ ಅಂದ್ರೆಲ್ಲಾ. ಬರೇ ಕೆಮ್ಮ ಐತ್ರಿ ಆಕಿಗೆ. ಒಲಿ ಮುಂದ ಕುಂತು ರೊಟ್ಟಿ ಬಡದ ಹಾಕ್ತಾಳ."

ನೀವೇ ಅಂದಿರಿ. ಅಕ್ಕೋರು ಹೇಳಿದರು: "ಕಾಲಬೆರಳಿಗೆ ಹಾಕಿ ನೋಡ್ರಿ. ಮೆಹಂದಿ ಇಲ್ಲದ ಬೆರಳಿಗೆ. ನಾ ಫೋನ್ ಇಡೂದಿಲ್ಲ."

ಆ ಕಡೆ ಹೆಜ್ಜೆ ಸಪ್ಪಳ. ಮುದುಕಿಯ ಕೆಮ್ಮು. "ಏನೂ ಬ್ಯಾಡೋ, ಬಿಡೋ" ಎಂಬ ಗೊಣಗಾಟ. ನಡುವೆ ಅವರ ಮನೆಯ ಉರ್ದು.

"ಎಂಬತ್ತಾರು" ಅಂದ ಶಾಬುದ್ದೀನ. ಸ್ಪೀಡು, ಕಿಲೋಮೀಟರು ಯಾವುದೂ ಆ ಮಾತಿನಲ್ಲಿ ಇರಲಿಲ್ಲ.

"ಬೋರಲ ಮಲಗಸ್ರಿ ಆಕಿನ್ನ. ಎದಿ ಕೆಳಗ ತೆಲಿದಿಂಬ ಕೊಡ್ರಿ. ಕಿಡಕಿ ತಗೀರಿ. ನಾ ಗಾಡಿ ಕಳಸ್ತೀನಿ."

ಪ್ರಸಾದರಿಗೆ ಹಚ್ಚಿದರು. ಅವರು ಎಲ್ಲ ಕೇಳಿ, "ಆಕಿ ಹೆಸರ ನಮ್ಮ ಹಾಳ್ಯಾಗ ಇಲ್ಲಲ್ರಿ ಟೀಚರ್. ಟೆಸ್ಟೂ ಆಗಿಲ್ಲ. ಏನಂತ ಬೆಡ್ ಕೇಳ್ಲಿ?" ಅಂದರು.

"ಹಾಳ್ಯಾಗ ಹೆಸರಿಲ್ಲಾಂತ ಉಸರ ನಿಲ್ಲೂದು ಬಿಡತದೇನ್ರಿ ಸರ್?"

ಹಾಗೆ ಮೇಲಧಿಕಾರಿಗೆ ಅಕ್ಕೋರು ಹುಟ್ಟಿದಾಗಿನಿಂದ ಅಂದಿರಲಿಲ್ಲ. ಪ್ರಸಾದರು ಸಿಟ್ಟಾಗಲಿಲ್ಲ. ಖರೇ ಹೇಳಬೇಕೆಂದರೆ, ಆ ಮನುಷ್ಯನಿಗೆ ಸಿಟ್ಟಾಗುವಷ್ಟು ಶಕ್ತಿಯೂ ಉಳಿದಿರಲಿಲ್ಲ. "ಫೋನ್ ಹತ್ರನ ಇರ್ರಿ" ಅಂದು ಇಟ್ಟರು. ಅಕ್ಕೋರು ಅಂಗಳದಲ್ಲಿ ತುಳಸಿಕಟ್ಟೆಗೆ ಸುತ್ತು ಹಾಕಿದರು, ಭಕ್ತಿಯಿಂದಲ್ಲ, ನಿಲ್ಲಲಾರದೆ. ಕೊನೆಗೂ ಪ್ರಸಾದರ ಫೋನು ಬಂತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಆಕ್ಸಿಜನ್ ಇರುವ ಹಾಸಿಗೆಯೊಂದು ಈಗಷ್ಟೇ ಖಾಲಿಯಾಗಿತ್ತು. ಹೇಗೆ ಖಾಲಿಯಾಯಿತು ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಸ್ವಲ್ಪ ಹೊತ್ತಿಗೆ ಶಾಬುದ್ದೀನ ತಾನೇ ಫೋನು ಮಾಡಿದ. "ಅಕ್ಕೋರ, ಗಾಡಿ ಬಂದು ನಿಂತೈತಿ. ಅವ್ವ ಏರವಲ್ಲಳು. ಬಾಗಲಾ ಗಟ್ಟಿ ಹಿಡಕೊಂಡ ಕುಂತಾಳ್ರಿ. ನೀವರ ಹೇಳ್ರಿ." ದನಿ ಅಳು ಹತ್ತಿದ ಹುಡುಗನ ದನಿಯಾಗಿತ್ತು.

ಫೋನು ತಾಯಿಯ ಕಿವಿಗೆ ಬಂತು. ರೆಹಮತ್‌ಬಿ ಒಂದೊಂದೇ ಮಾತನ್ನು ಉಸಿರು ಹುಡುಕಿಕೊಂಡು ಆಡಿದಳು.

"ಹ್ವಾದೋರು... ಯಾರೂ ಹೊಳ್ಳಿ ಬಂದಿಲ್ಲ ಯವ್ವಾ. ಮೈಗೆ ನೀರ ಹಾಕೂದಿಲ್ಲಂತ. ಮಕ್ಕಳಿಗೆ... ಮಾರಿ ತೋರಸೂದಿಲ್ಲಂತ. ಇಲ್ಲೇ ಇರ್ತೇನಿ. ಮಗನ ಮುಂದ."

ಇಂಥ ಹೊತ್ತಿಗೆ ಏನು ಹೇಳಬೇಕೆಂಬುದೂ ಅಚ್ಚಾಗಿತ್ತು: 'ಭಯಪಡುವ ಅಗತ್ಯವಿಲ್ಲ, ಧೈರ್ಯವಾಗಿರಿ.' ಆ ಮಾತನ್ನು ಅಕ್ಕೋರು ಬದಿಗಿಟ್ಟರು. ಸುಳ್ಳು ಹೇಳಿದರೆ ಈಕೆಗೆ ತಿಳಿದುಬಿಡುತ್ತದೆ ಅನ್ನಿಸಿತು.

"ಅಂಜಬ್ಯಾಡ್ರಿ ಅಂತ ನಾ ಅನ್ನೂದಿಲ್ಲ ಅವ್ವಾ. ಅಂಜಿಕಿ ಬರೂ ಹಂಗನ ಅದ. ನನಗೂ ಅಂಜಿಕಿ ಬಂದದ. ಅಂಜಿಕೋತನ ಗಾಡಿ ಏರ್ರಿ. ಇಲ್ಲೆ ನಿಮಗ ಗಾಳಿ ಸಾಲವಲ್ತು. ಅಲ್ಲೆ ಗಾಳಿ ಕೊಡ್ತಾರ."

"ಅಲ್ಲೆ ನನ್ನ... ಯಾರ ಕೇಳ್ತಾರ?"

"ನಾ ಕೇಳ್ತೀನಿ. ದಿನಾ ಫೋನ್ ಮಾಡ್ತೀನಿ ನಿಮಗ. ನಾ ದಿನಾ ಫೋನ್ ಮಾಡೂದನ ಕೆಲಸ ಮಾಡ್ತೀನಲ್ಲ?"

"ದಿನಾ?"

"ದಿನಾ, ಅವ್ವಾ."

ಫೋನು ಮತ್ತೆ ಕೈ ಬದಲಾಯಿಸಿತು. ದೂರದಲ್ಲಿ ಗಾಡಿಯ ಬಾಗಿಲು ಹಾಕಿದ ಸಪ್ಪಳ ಕೇಳಿಸಿತು. ಹುಸ್ನಾಳ ಹಳೆಯ ಗುಂಡಿ ಫೋನನ್ನು ಅವ್ವನ ಸೊಂಟದ ಚೀಲದಲ್ಲಿ ಹಾಕಿ ಕಳಿಸಿದೆ ಎಂದು ಶಾಬುದ್ದೀನ ಅದರ ನಂಬರು ಕೊಟ್ಟ. ಪಾಸಿಟಿವ್ ಇದ್ದವನು, ಅವನು ಗಾಡಿಯಲ್ಲಿ ಕೂಡುವ ಹಾಗಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದನಂತೆ.

ಮರುದಿನ ಮಧ್ಯಾಹ್ನ ಅಕ್ಕೋರು ಊಟದ ಡಬ್ಬಿ ತೆಗೆಯುವ ಮುಂಚೆ ಆ ನಂಬರಿಗೆ ಹಚ್ಚಿದರು. ಗಂಟೆ ಹೊಡೆದೂ ಹೊಡೆದೂ ತಾನೇ ನಿಂತಿತು. ಯಾರೂ ಎತ್ತಲಿಲ್ಲ.

ಅಷ್ಟು ಸಾಕಾಯಿತು. ಮಲಗಿರಬಹುದು, ಮುಖಕ್ಕೆ ಮಾಸ್ಕು ಹಾಕಿರಬಹುದು, ಫೋನು ಚೀಲದಲ್ಲಿ ಇರಬಹುದು. ಬುದ್ಧಿ ಹತ್ತು ಕಾರಣ ಕೊಟ್ಟಿತು. ಆದರೆ ಅಂಜಿಕೆಗೆ ಕಂಡದ್ದು ಒಂದೇ. ಇನ್ನೊಮ್ಮೆ ಹಚ್ಚಿದರೆ ಯಾರೋ ಬೇರೆಯವರು ಎತ್ತುತ್ತಾರೆ, "ಯಾರ್ ಬೇಕಾಗಿತ್ರಿ?" ಅನ್ನುತ್ತಾರೆ. ಕೇಳದೇ ಇದ್ದಷ್ಟು ದಿನ ಆ ಮುದುಕಿ ಬದುಕಿರುತ್ತಾಳೆ. ಕಲಿತವರು, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವರು, ಹೀಗೆಲ್ಲ ಯೋಚಿಸಿದರು ಎಂದರೆ ನಗಬಾರದು. ಅಂಜಿಕೆ ಶಾಲೆ ಕಲಿತದ್ದಲ್ಲ.

ಮೂರನೇ ದಿನ ಮೊಬೈಲು ಕೈಗೆತ್ತಿಕೊಂಡು ಮತ್ತೆ ಇಟ್ಟರು. ಹಾಳೆಯಲ್ಲಿದ್ದ ಶಾಬುದ್ದೀನನ ಹೆಸರನ್ನೂ ಬಾಜೂ ಟೇಬಲ್ಲಿನ ಶಿಕ್ಷಕಿಗೆ ದಾಟಿಸಿದರು. ನಾಲ್ಕನೇ ದಿನ ಕೈಗೂ ಎತ್ತಲಿಲ್ಲ. ಅವತ್ತೇ ಶಾಬುದ್ದೀನನ ಪ್ರತ್ಯೇಕವಾಸದ ಅವಧಿ ಮುಗಿದು ಅವನ ಹೆಸರೂ ಹಾಳೆಯಿಂದ ಹೋಯಿತು. ಮುಂಜಾನೆ ಹಾಳೆಯ ಮೇಲೆ ಬೆರಳಾಡಿಸಿ ಅವನ ಹೆಸರು ಕಾಣದಾಗ ಅಕ್ಕೋರಿಗೆ ಹಗುರವಾಯಿತು, ಹಗುರವಾದದ್ದಕ್ಕೆ ತಮ್ಮ ಮೇಲೆ ತಮಗೇ ಹೇಸಿಕೆಯಾಯಿತು. ಹಾಳೆಯಲ್ಲಿ ಇಲ್ಲದವರಿಗೆ ಫೋನು ಮಾಡುವ ಕೆಲಸ ತನ್ನದಲ್ಲ ಎಂದು ಮನಸ್ಸು ಸಮಜಾಯಿಷಿ ಕೊಟ್ಟಿತು. ಹಾಳೆಯಲ್ಲಿ ಹೆಸರಿಲ್ಲ ಎಂದದ್ದಕ್ಕೆ ಪ್ರಸಾದರ ಮೇಲೆ ಹರಿಹಾಯ್ದ ಬಾಯಿಯೂ ಇದೇ.

ಆದರೆ ಕೆಲಸದ ರೀತಿ ಮಾತ್ರ ಅವತ್ತಿನಿಂದ ಬದಲಾಯಿತು. "ಎಲ್ಲಾರೂ ಆರಾಮ?" ಎಂದು ಕೇಳುವುದನ್ನು ಬಿಟ್ಟೇಬಿಟ್ಟರು. "ಮನ್ಯಾಗ ಯಾರ್ಯಾರ ಇದ್ದೀರಿ, ಒಬ್ಬೊಬ್ಬರ ಹೆಸರ ಹೇಳ್ರಿ" ಅನ್ನುತ್ತಿದ್ದರು. ಹೆಸರು ಹಿಡಿದು ವಿಚಾರಿಸಿದರೆ ಮಂದಿಗೆ "ಆರಾಮ್ರಿ" ಎಂದು ಒರೆಸಿ ಹಾಕುವುದು ಆಗುತ್ತಿರಲಿಲ್ಲ. ಎರಡು ದಿನದಿಂದ ಊಟ ಬಿಟ್ಟ ಅಜ್ಜ, ಕೆಮ್ಮುವ ಬಸುರಿ ಸೊಸೆ, ಅಟ್ಟದ ಮೇಲೆ ಮಲಗಿಯೇ ಇದ್ದ ತಮ್ಮ, ಹಾಳೆಯಲ್ಲಿ ಇಲ್ಲದವರೆಲ್ಲ ಒಬ್ಬೊಬ್ಬರೇ ಹೊರಗೆ ಬಂದರು. ಪ್ರಸಾದರು ಹಾಲಿನ ನಡುವೆ ನಿಂತು, "ಎಲ್ಲಾರೂ ಚಿನ್ಮಯೀ ಟೀಚರ್ ಕೇಳಿದ್ಹಂಗ ಕೇಳ್ರಿ" ಎಂದು ಸಾರಿದರು. ಉಳಿದ ಶಿಕ್ಷಕಿಯರು ತಿರುಗಿ ನೋಡಿ ತಲೆದೂಗಿದರು. ಅಕ್ಕೋರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುವುತ್ತ ಕೂತರು.

ಮನೆಯಲ್ಲಿ ಗೋದಾಬಾಯಿ ಕೇಳಿದರು: "ಆ ರಾಯಾಪುರದಾಕಿ ಹೆಂಗದಾಳ?"

"ಆರಾಮ ಅದಾಳ್ರಿ" ಅಂದರು ಅಕ್ಕೋರು.

ಗೋದಾಬಾಯಿ ಧಾರವಾಡದ ಹೆಣ್ಣುಮಗಳು. ಆ ಮಾತಿನ ಬೆಲೆ ಎಷ್ಟೆಂದು ಅವರಿಗೆ ಗೊತ್ತಿಲ್ಲವೇ? ಮತ್ತೆ ಕೇಳಲಿಲ್ಲ. ರಾತ್ರಿ ಪಂಢರಿನಾಥರು ಒಮ್ಮೆ, "ಯಾಕ ಸುಮ್ಮನ ಇದ್ದಿ?" ಅಂದರು. ಹೆಂಡತಿ ಸುಮ್ಮನಿದ್ದದ್ದು ಅವರಿಗೂ ದಿಗಿಲಾಗುವಂಥದ್ದೇ.

ಜೂನ್ ಬಂತು. ಅಂಗಡಿಗಳು ಅರ್ಧರ್ಧ ಬಾಗಿಲು ತೆರೆದವು, ಹುಬ್ಬಳ್ಳಿ ರಸ್ತೆಯ ಮೇಲೆ ಗಾಡಿಗಳ ಸದ್ದು ಹೊಳ್ಳಿ ಬಂತು. ಹಾಳೆಯ ಹೆಸರುಗಳು ಕಡಿಮೆಯಾದವು. ಒಂದು ರವಿವಾರ ಮುಂಜಾನೆ ಅಕ್ಕೋರು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಕಟ್ಟೆಯ ಮೇಲಿಟ್ಟ ಮೊಬೈಲು ಹೊಡೆದುಕೊಂಡಿತು. ಬಗ್ಗಿ ನೋಡಿದರೆ 'ಶಾಬುದ್ದೀನ ರಾಯಾಪುರ'.

ಕೈಯಲ್ಲಿದ್ದ ಹಸಿ ಸೀರೆ ಹಾಗೇ ಹಿಡಿದು ನಿಂತರು. ಹೊಡೆದು ಹೊಡೆದು ನಿಂತಿತು. ಹೇಳುವುದಕ್ಕೇ ಮಾಡಿದ್ದಾನೆ. ಇಷ್ಟು ದಿನ ಮಾಡದವನು ಈಗ ಹೇಳುವುದಕ್ಕೇ ಮಾಡಿದ್ದಾನೆ. ಮತ್ತೆ ಹೊಡೆಯಿತು.

"ಎತ್ತ ಅದನ್ನ, ಚಿನ್ಮಯೀ" ಅಂದರು ಒಳಗಿಂದ ಗೋದಾಬಾಯಿ.

ಎತ್ತಿದರು. "ಹಲೋ" ಅಂದರು.

"ಅಕ್ಕೋರ? ನೀವ ಏನ್ರಿ? ನೀವ ಏನ್ರಿ ಖರೇನ?" ಶಾಬುದ್ದೀನನ ದನಿ ಒಡೆದಿತ್ತು. "ಅಲ್ಲಾಹ್! ಅವ್ವಾ, ಅಕ್ಕೋರ ಅದಾರ, ಅದಾರ! ನನಗ ಫೋನ್ ಮಾಡಾಕ ಧೈರ್ಯ ಆಗಿರಲಿಲ್ರಿ. ಬ್ಯಾರೆ ಯಾರರ ಎತ್ತಿದ್ರ ಏನ್ ಮಾಡ್ಲಿ ಅಂತ. ಅವ್ವಗ ನಿನ್ನಿ ಬಿಟ್ರು. ಬಂದಾಗಿಂದ ಒಂದ ಹಟಾ, ಹಚ್ಚ ಫೋನು, ಹಚ್ಚ ಫೋನು ಅಂತ. ತಡೀರಿ, ಕೊಡ್ತೇನಿ."

ಅಕ್ಕೋರು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಬದುಕಿದ್ದಾಳೆ. ಬದುಕಿ ಮನೆಗೆ ಬಂದಿದ್ದಾಳೆ. ಕಣ್ಣಲ್ಲಿ ಬಳಬಳ ನೀರು ಬಂದವು.

"ಯವ್ವಾ" ಅಂತು ರೆಹಮತ್‌ಬಿಯ ದನಿ. ಕ್ಷೀಣವಾಗಿತ್ತು, ಆದರೆ ತುಂಡಾಗಿರಲಿಲ್ಲ. "ಜಡ್ಡಾಗಿ ಬಿದ್ದಿದ್ದೇನ ನೀನು? ಮದಲನೇ ದಿನ ನಿನ್ನ ಫೋನ್ ಬಂದಾಗ ಮಾರಿಗೆ ಅದೇನೋ ಬಿಗದಿದ್ರು, ಎತ್ತಾಕ ಬರಲಿಲ್ಲ. ನಾಳಿ ಮಾಡ್ತಾಳ ಅಂತ ಫೋನ್ ಎದಿ ಮ್ಯಾಲ ಇಟಗೊಂಡ ಮಕ್ಕೊಂಡ್ನಿ. ಬರಲಿಲ್ಲ. ದಿನಾ ಮಾಡ್ತೇನಿ ಅಂದಾಕಿ, ಸುಳ್ಳ ಹೇಳಾಕಿ ಅಲ್ಲ. ಆಕಿಗೇ ಏನರ ಆಗೇತಿ ಅಂದ್ನಿ. ನನ್ನ ಬಾಜೂ ಹಾಸಿಗಿ ಖಾಲಿ ಆದಾಗೊಮ್ಮೆ ನಿನ್ನ ತರತಾರೇನೋ ಅಂತ ನೋಡತಿದ್ನಿ. ಕುಂತಲ್ಲೆ ನಿನ್ನ ಹೆಸರಿಲೆ ದುವಾ ಮಾಡಿದ್ನಿ. ಈಗ ಬರೋಬ್ಬರಿ ಆತೋ ಇಲ್ಲೋ, ಜ್ವರಾ?"

ಹೂಂ ಅಂದುಬಿಡಬಹುದಿತ್ತು. ಜ್ವರ ಬಂದಿತ್ತವ್ವಾ, ಅಂದರೆ ಮುಗಿಯಿತು. ಆ ಊರಿನಲ್ಲಿ ಆ ವರ್ಷ ಜ್ವರಕ್ಕಿಂತ ಸುಲಭವಾಗಿ ಸಿಗುವ ನೆಪ ಇನ್ನೊಂದಿರಲಿಲ್ಲ. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಇಲ್ಲವ್ವಾ" ಅಂದರು ಅಕ್ಕೋರು. "ಜ್ವರ ಬಂದಿರಲಿಲ್ಲ ನನಗ. ಏನೂ ಆಗಿರಲಿಲ್ಲ. ನಾ ಅಂಜಿದ್ನಿ. ಫೋನ್ ಮಾಡಿದ್ರ ನೀವ ಇರೂದಿಲ್ಲೇನೋ ಅಂತ ಅಂಜಿ, ಮಾಡ್ಲಿಲ್ಲ."

ಆ ಕಡೆ ರಸ್ತೆಯ ಮೇಲೆ ಒಂದು ಲಾರಿ ಹೋದ ಸದ್ದು, ಗ್ಯಾರೇಜಿನಲ್ಲಿ ಏನೋ ಕಬ್ಬಿಣ ಬಿದ್ದ ಸದ್ದು ಕೇಳಿಸಿದವು. ಮುದುಕಿಯ ಉಸಿರು ಒಳಗೆ ಹೋಗಿ, ಹೊರಗೆ ಬಂತು.

"ನಾನೂ ಅಂಜಿದ್ನೆವ್ವಾ" ಅಂದಳು ರೆಹಮತ್‌ಬಿ. "ನೀ ಫೋನ್ ಮಾಡ್ತೇನಿ ಅಂದಿ ಅಂತ ಗಾಡಿ ಏರಿದ್ನಿ."